ಗುರುಮಲ್ಲಪ್ಪನವರ ತಗಡಿನ ಕೋಣೆ

ಹನೂರಿನ ನನ್ನ ಗ್ಯಾರೇಜಿಗೆ ಯಾವ ಗಾಡಿ ಬಂದರೂ ಅದರ ಹಿಂದೆಯೇ ಗುರುಮಲ್ಲಪ್ಪ ಅಳತೆ ಟೇಪು ಹಿಡಿದು ಬಂದುಬಿಡುತ್ತಾರೆ. ಹೆಂಡತಿಯೊಡನೆ ಮಾದಪ್ಪನ ಬೆಟ್ಟಕ್ಕೆ ಹೋಗಿ, ಲಾಡ್ಜಿನ ಗೋಜಿಲ್ಲದೆ ಮಲಗಬೇಕೆಂದು ಈ ಹಳೆಯ ಲಾರಿ ಡ್ರೈವರು ಗಾಡಿಯ ಮೇಲೆ ಎತ್ತಿಟ್ಟು ಕಟ್ಟುವಂಥ ತಗಡಿನ ಕೋಣೆಯೊಂದನ್ನು ಮಾಡಿಸಿ ಒಂಬತ್ತು ವರ್ಷವಾಯಿತು. ಅದರಲ್ಲಿ ಎರಡು ಮಂಚ, ಸ್ಟೋವು, ಕನ್ನಡಿ ಎಲ್ಲ ಇವೆ. ಹೊರಲು ಗಾಡಿಯೊಂದು ಮಾತ್ರ ಇಲ್ಲ. ಮೆಟಡೋರು ತೋರಿಸಿದರೆ ಅಗಲ ಸಾಲದು. ಟ್ರ್ಯಾಕ್ಟರು ತೋರಿಸಿದರೆ ಕುಲುಕಾಟ ಜಾಸ್ತಿ. ಲಾರಿ ತೋರಿಸಿದೆ, ಚಕ್ರ ಒದ್ದರು, ಗಾಡಿಯಡಿ ನುಗ್ಗಿದರು, ಎದ್ದು ಬಂದು ಮಾಮೂಲಿ ಪ್ರಶ್ನೆ ಹಾಕಿದರು: “ಬೆಟ್ಟ ಅತ್ತದು ಇರ್ಲಿ ಕಣ್ಲಾ, ಇಳಿಯದು ಎಂಗೆ?” “ಬ್ರೇಕ್ ಇಲ್ವಾ ಗುರುಮಲ್ಲಣ್ಣ? ಬಸ್ಗಳು ದಿನಾ ಇಳಿಯಕಿಲ್ವಾ?” ಎಂದು ರೇಗಿದೆ. ತಲೆಯಾಡಿಸಿ ಟೇಪು ಸುತ್ತಿಕೊಂಡರು. ಅವರ ಹೆಂಡತಿ ನೀಲಮ್ಮನಿಗೆ ನನಗಿಂತ ಮೊದಲೇ ಸಾಕಾಗಿದೆ; “ನಿಮ್ಮ ಕೋಣೇಲಿ ಸೌದೆ ತುಂಬ್ಕಳಿ” ಎಂದು ಪ್ರತಿ ಅಮಾವಾಸ್ಯೆಗೂ ಒಬ್ಬರೇ ಬಸ್ಸು ಹತ್ತುತ್ತಾರೆ. ಕಳೆದ ಅಮಾವಾಸ್ಯೆ ಸಂಜೆ ನಾನೂ ಬಸ್ ನಿಲ್ದಾಣದಲ್ಲಿದ್ದೆ. ಬೆಟ್ಟದ ಬಸ್ಸಿನಿಂದ ನೀಲಮ್ಮ ಇಳಿದು ಲಾಡಿನ ಪೊಟ್ಟಣ ಚಾಚಿದರು. ಗುರುಮಲ್ಲಪ್ಪ ಅತ್ತ ನೋಡದೆ, ಹಿಂದಿನ ಚಕ್ರದ ಬಳಿ ಕುಕ್ಕರುಗಾಲಲ್ಲಿ ಕೂತು, ಬ್ರೇಕು ಎಷ್ಟು ಕಾದಿದೆಯೆಂದು ಡ್ರಮ್ಮಿಗೆ ಅಂಗೈ ಒತ್ತಿದ್ದರು. “ಪ್ರತಿ ಸಲವೂ ಇದೇ ಕತೆ,” ಎಂದು ಕಂಡಕ್ಟರು ನನ್ನತ್ತ ತಿರುಗಿದ. “ಎಷ್ಟೋ ವರ್ಸದ ಇಂದೆ ಇದೇ ದಾರೀಲಿ, ತಾಳಬೆಟ್ಟದ ಇಳಿಜಾರಲ್ಲಿ ಇವರ ಲಾರಿ ಬ್ರೇಕ್ ಓಗಿತ್ತಲ್ಲ, ಆಗ ಪಕ್ಕದಲ್ಲಿ ಕುಂತಿದ್ದು ಈಯಮ್ಮನೇ.” ಇವತ್ತು ಬೆಳಿಗ್ಗೆ ಒಂದು ಜೀಪು ಬಂತು, ಹಿಂದೆಯೇ ಗುರುಮಲ್ಲಪ್ಪ. ಬೈದುಕೊಂಡೇ ಟೇಪಿನ ಇನ್ನೊಂದು ತುದಿ ಹಿಡಿದೆ.