ರೊಟ್ಟಿ ಮನೆಯ ಕಂಪ್ಯೂಟರು

ಕಂಪ್ಯೂಟರು ಕೊಳ್ಳಲು ಬಂದವರಿಗೆ ‘ಬೇಡ, ಸುಮ್ಮನೆ ಮನೆಗೆ ಹೋಗಿ’ ಎನ್ನುವ ಅಂಗಡಿಯವಳು ಹಿರೇಕೆರೂರಿನಲ್ಲಿ ನಾನೊಬ್ಬಳೇ ಇರಬೇಕು. ಹಾಗೆಂದು ನನಗೆ ವ್ಯಾಪಾರ ಬರುವುದಿಲ್ಲ ಎಂದು ಯಾರೂ ತಿಳಿಯಬಾರದು. ನಾನು ಹುಟ್ಟಿದ್ದು ಸವಣೂರಿನಲ್ಲಿ, ಎಲೆ ಮಾರುವವರ ಮನೆಯಲ್ಲಿ. ಅಪ್ಪ ವೀಳ್ಯದೆಲೆಯನ್ನು ಒದ್ದೆ ಗೋಣಿಯಲ್ಲಿ ಸುತ್ತಿಕೊಂಡು ಹಾನಗಲ್ಲಿನ ಸಂತೆಗೋ ಶಿಗ್ಗಾಂವಿಯ ಸಂತೆಗೋ ಹೊರಟರೆ, ಸಾಲಿ ಇಲ್ಲದ ದಿನ ನಾನೂ ಜೊತೆಗೆ ಹೋಗುತ್ತಿದ್ದೆ. ಎಲೆ ಎಂದರೆ ಸಂಜೆಯೊಳಗೆ ಬಾಡುವ ಸರಕು. ಅಂಥ ಸರಕು ಮುಂದಿಟ್ಟುಕೊಂಡೂ ಮುಖದಲ್ಲಿ ಅವಸರ ತೋರಿಸದೆ ಕೂಡುವುದು ಹೇಗೆ ಎನ್ನುವುದನ್ನು ನಾನು ಓದಿ ಕಲಿತದ್ದಲ್ಲ.

ಟೈಪಿಂಗ್ ಪಾಸು ಮಾಡಿ, ಲಗ್ನವಾಗಿ ಹಿರೇಕೆರೂರಿಗೆ ಬಂದ ಮೇಲೆ ನನ್ನ ತಲೆಯಲ್ಲಿ ಕೂತದ್ದು ಒಂದೇ ವಿಚಾರ: ಸ್ವಂತದ್ದೊಂದು ಕಂಪ್ಯೂಟರು ತರಬೇಕು, ಹೆಣ್ಣುಮಕ್ಕಳಿಗೆ ಕಲಿಸಬೇಕು. ಆಗ ಕಂಪ್ಯೂಟರು ಎಂದರೆ ಬ್ಯಾಂಕಿನ ಗಾಜಿನ ಕೋಣೆಯೊಳಗೆ ತಂಪು ಗಾಳಿಯಲ್ಲಿ ಕೂತಿರುವ ದೊಡ್ಡ ಮನುಷ್ಯ. ಹುಬ್ಬಳ್ಳಿಯ ಒಂದು ಕಂಪನಿಯವರು ತಮ್ಮ ಹಳೆಯ ಯಂತ್ರಗಳನ್ನು ತೆಗೆಯುತ್ತಿದ್ದಾರೆಂದು ತಿಳಿದು ನಮ್ಮವರನ್ನು ಕರೆದುಕೊಂಡು ಹೋದೆ. ಅಲ್ಲಿಯ ಮ್ಯಾನೇಜರು ನಮ್ಮವರ ಜೊತೆ ಮಾತಾಡುತ್ತಿದ್ದ. ನಮ್ಮವರು ನನ್ನ ಮುಖ ನೋಡುತ್ತಿದ್ದರು. ನಾನು ಸಾಲಾಗಿಟ್ಟಿದ್ದ ಯಂತ್ರಗಳನ್ನು ಒಂದೊಂದಾಗಿ ಚಾಲೂ ಮಾಡಿಸಿ, ಹಿಂಬದಿಗೆ ಅಂಗೈ ಹಿಡಿದು ಗಾಳಿ ಬರುತ್ತದೋ ಇಲ್ಲವೋ ನೋಡಿದೆ. ಎಲ್ಲಕ್ಕಿಂತ ಚೆನ್ನಾಗಿದ್ದ ಯಂತ್ರದ ಎದುರು ನಿಂತು, ಅದರ ಪಕ್ಕದ್ದಕ್ಕೆ ಚೌಕಾಸಿ ಮಾಡಿದೆ. ಅರ್ಧ ತಾಸಿನ ಮೇಲೆ ಬೇಸತ್ತ ಮ್ಯಾನೇಜರು, ಅದೇ ಬೆಲೆಗೆ ಇದನ್ನಾದರೂ ಒಯ್ಯಿರಿ ಎಂದು ಚೆನ್ನಾಗಿದ್ದುದನ್ನೇ ತೋರಿಸಿದ. ಅದರ ಮೇಲೆ ಪ್ರಿಂಟರಿನ ವಾಯರು, ಒಂದು ಡಬ್ಬಿ ಫ್ಲಾಪಿ, ತಿರುಗುವ ಕುರ್ಚಿ ಒಂದನ್ನು ಕೇಳಿ ಪಡೆದೆ. ಕುರ್ಚಿಯನ್ನು ನಮ್ಮವರು ತಲೆಯ ಮೇಲೆ ಹೊತ್ತು ಬಸ್‌ಸ್ಟ್ಯಾಂಡಿನವರೆಗೆ ತಂದರು. ಇವತ್ತಿಗೂ ಅದನ್ನು ಎತ್ತಿ ಆಡುತ್ತಾರೆ.

ಬಸ್ಸಿನಲ್ಲಿ ಸಿಪಿಯು ಡಬ್ಬಿಯನ್ನು ಹುಲ್ಲು ತುಂಬಿದ ಚೀಲದಲ್ಲಿಟ್ಟು ಕಾಲ ಬಳಿ ಇಳಿಸಿದ್ದೆ. ಮಾನಿಟರು ನನ್ನ ತೊಡೆಯ ಮೇಲೆ, ಗಾಜು ಹೊಟ್ಟೆಯ ಕಡೆ. ಕಂಡಕ್ಟರು ಎರಡಕ್ಕೂ ಲಗೇಜು ಟಿಕೆಟ್ಟು ಎಂದ.

“ಉಡಿಯಾಗ ಕುಂತ ಕೂಸಿಗೂ ಟಿಕೆಟ್ ಹರೀತೀರೇನ್ರಿ?” ಎಂದು ಕೇಳಿದೆ.

ಅಕ್ಕಪಕ್ಕದವರು ನಕ್ಕರು. ಚೀಲಕ್ಕೆ ಮಾತ್ರ ಟಿಕೆಟ್ಟು ಹರಿದು, ಕೂಸು ಅಳದಂತೆ ನೋಡಿಕೊಳ್ಳಿ ಎಂದು ಹೇಳಿ ಅವನು ಮುಂದೆ ಹೋದ.

ಆ ಯಂತ್ರವನ್ನು ಚಾಲೂ ಮಾಡುವುದೇ ಒಂದು ಸಂಭ್ರಮ. ಮೊದಲು ಫ್ಯಾನು ಉಸಿರೆಳೆದುಕೊಳ್ಳುತ್ತಿತ್ತು, ಆಮೇಲೆ ಫ್ಲಾಪಿಯ ಬಾಯಿ ಕಟಕಟ ಎನ್ನುತ್ತಿತ್ತು, ಆಮೇಲೆ ಒಂದೇ ಒಂದು ‘ಬೀಪ್’. ಕಪ್ಪು ಪರದೆಯ ಮೂಲೆಯಲ್ಲಿ ಒಂದು ಗೆರೆ ಮಿಣುಕುತ್ತ ನಿಲ್ಲುತ್ತಿತ್ತು. ಡಾಸ್ ಎನ್ನುವ ಆ ಹಳೆಯ ವ್ಯವಸ್ಥೆ ತಾನಾಗಿ ಏನೂ ಕೇಳುತ್ತಿರಲಿಲ್ಲ, ಹೇಳುತ್ತಿರಲಿಲ್ಲ. ನೀವು ಆಜ್ಞೆ ಕೊಟ್ಟರೆ ಮಾಡುತ್ತಿತ್ತು. ತಪ್ಪು ಬರೆದರೆ ತಪ್ಪು ಎಂದಷ್ಟೇ ಹೇಳಿ ಮತ್ತೆ ಮಿಣುಕುತ್ತ ಕೂಡುತ್ತಿತ್ತು. ಅಷ್ಟು ಮರ್ಯಾದೆಯ ಆಳು ನನಗೆ ಮತ್ತೆ ಸಿಗಲಿಲ್ಲ.

ಹಂಸಭಾವಿ, ಅಬಲೂರು, ಮಾಸೂರಿನಿಂದ ಹುಡುಗಿಯರು ಬಸ್ಸಿಗೆ ಬಂದು ಕಲಿತರು. ಚಪ್ಪಲಿ ಹೊರಗೆ, ಕಾಲು ತೊಳೆದುಕೊಂಡು ಒಳಗೆ. ಪಾಠ ಮುಗಿದ ಮೇಲೆ ಯಂತ್ರಕ್ಕೆ ಹೊದಿಕೆ ಹಾಕದೆ ಯಾರೂ ಹೊರಗೆ ಹೆಜ್ಜೆ ಇಡುವಂತಿರಲಿಲ್ಲ. ಧೂಳೇ ಕಂಪ್ಯೂಟರಿನ ವೈರಿ ಎಂದು ಅವರಿಗೆ ಎಷ್ಟು ಸಲ ಹೇಳಿದ್ದೇನೋ. ಮುಂದೆ ವಿಂಡೋಸ್ ಬಂತು, ಪರದೆ ತುಂಬ ಹಸಿರು ದಿಬ್ಬದ ಚಿತ್ರವೂ ಅದರ ಜೊತೆಗೆ ಬಂತು. ಅದು ಹಾನಗಲ್ಲಿನ ದಾರಿಯಲ್ಲಿರುವ ದಿಬ್ಬವೇ ಎಂದು ಹುಡುಗಿಯರು ವಾದ ಮಾಡುತ್ತಿದ್ದರು. ಆ ಕಾಲದ ಯಂತ್ರವನ್ನು ನಾನು ಕಣ್ಣು ಮುಚ್ಚಿಕೊಂಡು ನಡೆಸಬಲ್ಲೆ. ಪಾಠದ ಜೊತೆಗೇ ಕಂಪ್ಯೂಟರು ಜೋಡಿಸಿ ಮಾರುವ ಅಂಗಡಿಯನ್ನೂ ತೆರೆದೆ.

ಹೊಸ ವ್ಯವಸ್ಥೆಗಳನ್ನು ನಾನು ಸುಮ್ಮನೆ ಹಳಿಯುವುದಿಲ್ಲ. ಒಳ್ಳೆಯ ಸರಕನ್ನು ಒಳ್ಳೆಯದು ಎನ್ನಲೇಬೇಕು. ಕನ್ನಡ ಈಗ ಹೇಳಿಸಿಕೊಳ್ಳದೆ ಮೂಡುತ್ತದೆ. ಮೊದಲು ಫಾಂಟು ಇಲ್ಲದ ಕಡೆ ಲಗ್ನಪತ್ರಿಕೆಯ ಫೈಲು ತೆರೆದರೆ ಮದುಮಗನ ಹೆಸರಿನ ಜಾಗದಲ್ಲಿ ಚುಕ್ಕಿ, ಬಾಣ, ಕೊಂಡಿ ಕಾಣುತ್ತಿದ್ದವು. ಯಂತ್ರ ಕ್ಷಣದಲ್ಲಿ ಎದ್ದು ಕೂಡುತ್ತದೆ. ಇವೆಲ್ಲ ನಿಜ. ಆದರೆ ಇವಕ್ಕೆ ಬಾಯಿ ಹೆಚ್ಚು. ಬೆಳಿಗ್ಗೆ ಚಾಲೂ ಮಾಡಿದರೆ ಹವಾಮಾನ ಹೇಳುತ್ತದೆ, ಯಾವುದೋ ನಟಿಯ ಮದುವೆ ಹೇಳುತ್ತದೆ, ಖಾತೆ ತೆರೆಯಿರಿ ಎಂದು ಬೆನ್ನು ಹತ್ತುತ್ತದೆ. ಗಿರಾಕಿ ಎದುರಿಗೆ ನಿಂತಿರುವಾಗಲೇ ‘ಅಪ್‌ಡೇಟ್ ನಡೆದಿದೆ, ಆರಿಸಬೇಡಿ’ ಎನ್ನುತ್ತದೆ. ಆರಿಸುವವಳು ನಾನಲ್ಲ, ನಮ್ಮ ಊರಿನ ಕರೆಂಟು. ಅದಕ್ಕೆ ಯಾರು ಹೇಳಬೇಕು? ಪ್ರತಿ ಸಲ ಹೊಸದು ಬಂದಾಗಲೂ ಒಂದೊಂದು ಗುಂಡಿ ಜಾಗ ಬದಲಿಸಿರುತ್ತದೆ. ನಮ್ಮ ಅಡುಗೆಮನೆಯಲ್ಲಿ ಯಾರೋ ಹೊಕ್ಕು ಉಪ್ಪಿನ ಡಬ್ಬಿಯಲ್ಲಿ ಸೋಡಾ ತುಂಬಿಟ್ಟು ಹೋದಂತೆ. ಎಲ್ಲಕ್ಕಿಂತ ಸಿಟ್ಟು ಬರುವುದು, ಗಟ್ಟಿಮುಟ್ಟಾಗಿ ದುಡಿಯುತ್ತಿರುವ ಯಂತ್ರಕ್ಕೆ ‘ನೀನು ಹೊಸ ವಿಂಡೋಸಿಗೆ ಲಾಯಕ್ಕಲ್ಲ’ ಎಂದು ಪರದೆಯ ಮೇಲೆ ಬರೆದು ತೋರಿಸುವಾಗ. ಕನ್ಯೆ ನೋಡಲು ಬಂದವರು ಉಪ್ಪಿಟ್ಟು ತಿಂದು, ಚಹಾ ಕುಡಿದು, ಎದ್ದು ಹೋಗುವಾಗ ಹುಡುಗಿಯ ಎತ್ತರ ಸಾಲದು ಎಂದ ಹಾಗೆ.

ಇಂಥ ಬರಹವನ್ನೇ ನೋಡಿ ಗಾಬರಿಯಾಗಿ ಈ ವರ್ಷ ಕಾರಹುಣ್ಣಿಮೆ ಕಳೆದ ಮೇಲೆ ಹಂಸಭಾವಿಯಿಂದ ಇಬ್ಬರು ನನ್ನ ಅಂಗಡಿಗೆ ಬಂದರು. ಒಬ್ಬಳು ನನ್ನ ಹಳೆಯ ವಿದ್ಯಾರ್ಥಿನಿ. ಈಗ ಅಲ್ಲಿ ಹೆಣ್ಣುಮಕ್ಕಳ ಸಂಘವೊಂದು ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಊರೂರಿಗೆ ಕಳಿಸುತ್ತದೆ. ಅದರ ಕಾರ್ಯದರ್ಶಿ ಅವಳೇ. ಜೊತೆಗೆ ಬಂದವರು ಸಂಘದ ಹಿರಿಯವರು, ಎಲ್ಲರೂ ‘ದೊಡ್ಡವ್ವ’ ಎಂದು ಕರೆಯುವವರು. ಪೊಟ್ಟಣದ ಚೀಟಿ, ಬಿಲ್ಲು, ಆರ್ಡರು ಎಲ್ಲವೂ ನಾನೇ ಜೋಡಿಸಿಕೊಟ್ಟಿದ್ದ ಒಂದು ಕಂಪ್ಯೂಟರಿನಲ್ಲಿ ನಡೆಯುತ್ತಿತ್ತು.

“ಅಕ್ಕೋರ, ಹೊಸಾ ಕಂಪ್ಯೂಟರ್ ತೋರಸ್ರಿ,” ಎಂದಳು ಕಾರ್ಯದರ್ಶಿ.

ಹಳೆಯದು ಬಹಳ ನಿಧಾನವಾಗಿದೆ, ನಡುನಡುವೆ ತಾನೇ ಆರಿಹೋಗುತ್ತದೆ, ಈಗ ಲಾಯಕ್ಕಲ್ಲ ಎಂದು ಬೇರೆ ಬರೆದು ತೋರಿಸುತ್ತಿದೆ. ಹಾವೇರಿಯಿಂದ ಬಂದಿದ್ದ ಮಾರಾಟದವನೊಬ್ಬ ಅದನ್ನು ಗುಜರಿಗೆ ಹಾಕಿ ಎಂದಿದ್ದಾನೆ ಎಂದು ಹೇಳಿದಳು. ದುಡ್ಡಿನ ವ್ಯವಸ್ಥೆ ಕೇಳಿದೆ. ಹಿಟ್ಟು ನಾದುವ, ರೊಟ್ಟಿ ಒತ್ತುವ ಮಷಿನ್ನಿಗೆಂದು ಸಂಘದವರು ಕೂಡಿಸಿಟ್ಟದ್ದನ್ನೇ ತೆಗೆಯಬೇಕು ಎಂದಳು. ದೊಡ್ಡವ್ವ ಎಡಗೈಯಿಂದ ಬಲಗಡೆಯ ರಟ್ಟೆ ಒತ್ತಿಕೊಳ್ಳುತ್ತ ಕೂತಿದ್ದರು.

“ಹಂಗಾರ ಈ ವರ್ಷನೂ ಮಷಿನ್ ಇಲ್ಲ ಅಂದಂಗಾತು,” ಎಂದರು ಅವರು. ದೂರಿದ್ದಲ್ಲ, ಇನ್ನೊಂದು ವರ್ಷ ಈ ಕೈಯಿಂದ ರೊಟ್ಟಿ ಬಡಿಯಲು ಆದೀತೇ ಎಂದು ತಮ್ಮಷ್ಟಕ್ಕೆ ಲೆಕ್ಕ ಹಾಕಿದ್ದು.

ನನ್ನ ಹಿಂದೆ ಕಪಾಟಿನಲ್ಲಿ ಹೊಸ ಡಬ್ಬಿಗಳು ಸಾಲಾಗಿದ್ದವು. ಮಾರಿದ್ದರೆ ನನಗೆ ಲಾಭವೇ. ಆದರೆ ನಾನು ಜೋಡಿಸಿದ ಯಂತ್ರಕ್ಕೆ ಯಾವನೋ ಗುಜರಿ ಎಂದನಲ್ಲ! ನೋಡದೆ ಕೊಡುವುದಿಲ್ಲ, ನಾಳೆ ನಾನೇ ಬರುತ್ತೇನೆ ಎಂದು ಹೇಳಿ ಇಬ್ಬರನ್ನೂ ಬಸ್ಸಿಗೆ ಕಳಿಸಿದೆ.

ಮರುದಿನ ಹಂಸಭಾವಿಗೆ ಹೋದರೆ ರೊಟ್ಟಿ ಬಡಿಯುವ ಸದ್ದು ಓಣಿಯ ತುದಿಗೇ ಕೇಳುತ್ತಿತ್ತು. ಒಳಗೆ ಒಲೆಗಳ ಸಾಲು, ಗಾಳಿಯಲ್ಲಿ ಹಿಟ್ಟು. ಮೂಲೆಯಲ್ಲಿ ಕಂಪ್ಯೂಟರು. ಸಿಪಿಯು ಡಬ್ಬಿಗೆ ಅಳತೆ ತೆಗೆದು ಕೌದಿ ಹೊಲಿದಿದ್ದರು. ಎತ್ತಿಗೆ ಜೂಲಿನ ಬಟ್ಟೆ ಹೊದಿಸಿದಂತೆ ನಾಲ್ಕೂ ಕಡೆ ಬಿಗಿಯಾಗಿ, ಅಂಚಿಗೆ ಕೆಂಪು ಪಟ್ಟಿ, ಚಾಲೂ ಮಾಡುವ ಗುಂಡಿಗೆ ಮಾತ್ರ ಒಂದು ಕಿಂಡಿ, ಅದರ ಮೇಲೆ ವಿಭೂತಿ. ಹಳೆಯ ಸೀರೆಯ ಎಷ್ಟೋ ಪದರ ಕೂಡಿಸಿ ಹೊಲಿದ ದಪ್ಪ ಕೌದಿ.

“ಇದನ್ನ ಯಾವಾಗ ತಗೀತೀರಿ?” ಎಂದು ಕೇಳಿದೆ.

“ಯಾಕ ತಗೀಬೇಕ್ರಿ? ಧೂಳ ಹೊಕ್ಕೀತು,” ಎಂದಳು ಕಾರ್ಯದರ್ಶಿ. “ನೀವ ಹೇಳಿದ್ದಲ್ಲೇನ್ರಿ, ಧೂಳ ವೈರಿ ಅಂತ.”

ಮುಚ್ಚಿದ್ದು ಆರಿಸಿದ ಮೇಲಲ್ಲ, ಹಗಲೆಲ್ಲ ಓಡುವಾಗಲೂ! ಒಲೆಯ ಪಕ್ಕದಲ್ಲಿ, ಕೌದಿಯೊಳಗೆ ಆ ಯಂತ್ರ ಇಷ್ಟು ದಿನ ಬೆವರು ಸುರಿಸಿಕೊಂಡು ದುಡಿದಿತ್ತು. ಬಿಚ್ಚಿ ಮುಟ್ಟಿದರೆ ಬುಟ್ಟಿಯಲ್ಲಿಟ್ಟ ರೊಟ್ಟಿಯ ಹಾಗೆ ಬೆಚ್ಚಗೆ. ಪಕ್ಕದ ತಗಡು ತೆಗೆದಾಗ ಒಳಗೆ ಫ್ಯಾನೇ ಕಾಣಲಿಲ್ಲ. ಕೆಳಗಿನ ಸಂದಿಯಿಂದ ಹೊಕ್ಕ ಜೋಳದ ಹಿಟ್ಟು ಅಲ್ಲಿ ಗಟ್ಟಿಯಾಗಿ ಕೂತಿತ್ತು. ಒಲೆ ಬಿಟ್ಟು ಎಲ್ಲರೂ ಸುತ್ತ ನೆರೆದರು.

“ಎಲ್ಲಾ ಉದುರಿಸಿ ನಾದ್ರಿ, ಎರಡು ರೊಟ್ಟಿಗೆ ಕಮ್ಮಿ ಇಲ್ಲ,” ಎಂದರು ದೊಡ್ಡವ್ವ.

ಬ್ರಶ್ಶು ಹಚ್ಚಿ, ಗಾಳಿ ಊದಿ ಸ್ವಚ್ಛ ಮಾಡಿದೆ. ಕೌದಿ ತೆಗೆಯಿರಿ ಎನ್ನಲು ಮನಸ್ಸಾಗಲಿಲ್ಲ, ಅಷ್ಟು ಚೆಂದದ ಹೊಲಿಗೆ. ಸಂಜೆ ಆರಿಸಿದ ಮೇಲೆ ಹೊದಿಸಿ, ಬೆಳಿಗ್ಗೆ ತೆಗೆಯಿರಿ ಎಂದೆ. ಯಂತ್ರವನ್ನು ಒಲೆಯಿಂದ ದೂರ, ಕಿಟಕಿಯ ಬದಿಗೆ ಸರಿಸಿದೆವು. ಫೈಲುಗಳನ್ನೆಲ್ಲ ಬೇರೆ ಕಡೆ ಇಳಿಸಿಕೊಂಡು, ಅಂಗಡಿಯಿಂದ ತಂದಿದ್ದ ಹೊಸ ಬಗೆಯ ಸಣ್ಣ ಡಿಸ್ಕು ಕೂಡಿಸಿ, ಮೆಮೊರಿ ಹೆಚ್ಚಿಸಿ, ಅದರ ಮೇಲೆ ಲಿನಕ್ಸ್ ಹಾಕಿದೆ. ಅದು ಬಿಟ್ಟಿ ಸಿಗುವ ವ್ಯವಸ್ಥೆ. ಯಂತ್ರದ ವಯಸ್ಸು ಕೇಳುವುದಿಲ್ಲ, ಹೇಳದೆ ಅಪ್‌ಡೇಟಿಗೆ ಕೂಡುವುದಿಲ್ಲ. ಇದನ್ನು ಓದುತ್ತಿರುವವರಿಗೂ ನನ್ನ ಮಾತು ಇಷ್ಟೇ: ಕಂಪ್ಯೂಟರು ನಿಧಾನವಾದ ಕೂಡಲೇ ಅಂಗಡಿಗೆ ಓಡಬೇಡಿ. ಮೊದಲು ಹಿಂದೆ ಅಂಗೈ ಹಿಡಿದು ಗಾಳಿ ನೋಡಿ, ಆಮೇಲೆ ಡಿಸ್ಕು ನೋಡಿ. ಆದರೆ ಕಂಪನಿಯವರು ಅಪ್‌ಡೇಟ್ ನಿಲ್ಲಿಸಿದ ಹಳೆಯ ವಿಂಡೋಸನ್ನೇ ಇಟ್ಟುಕೊಂಡು ಬ್ಯಾಂಕಿನ ವ್ಯವಹಾರ ಮಾಡಬೇಡಿ. ರಿಪೇರಿ ನಿಂತ ಬೀಗವನ್ನು ಬಾಗಿಲಿಗೆ ಹಾಕಬಾರದು. ಇಷ್ಟೆಲ್ಲ ಆದ ಮೇಲೂ ಬೇಕೆಂದರೆ ಹೊಸದು ತೆಗೆದುಕೊಳ್ಳಿ, ನನ್ನ ಹತ್ತಿರವೇ ಬನ್ನಿ.

ಕನ್ನಡ ಸರಿಯಾಗಿ ಮೂಡಿತು. ಚೀಟಿಯ ಪ್ರಿಂಟರು ಮಾತ್ರ ಉಸಿರೆತ್ತಲಿಲ್ಲ. ಒಲೆಗೆ ಮರಳಿದ್ದವರೂ ರೊಟ್ಟಿ ಬಡಿಯುವುದು ಬಿಟ್ಟು ಮತ್ತೆ ಎದ್ದು ಬಂದರು. ಇದು ನಡೆಯದಿದ್ದರೆ ಪೊಟ್ಟಣ ಹೊರಗೆ ಹೋಗುವುದಿಲ್ಲ. ಹೊಸ ಕಂಪ್ಯೂಟರು ಬರಲೇಬೇಕು, ರೊಟ್ಟಿ ಮಷಿನ್ನಿನ ಆಸೆ ಬಿಡಲೇಬೇಕು. ಎರಡು ಸಲ ವಾಯರು ತೆಗೆದು ಹಾಕಿ, ಪಟ್ಟಿಯಲ್ಲಿ ಹುಡುಕಿ, ಪ್ರಿಂಟರಿಗೆ ಯಂತ್ರದ ಮಾತು ಮುಟ್ಟಿಸುವ ಬೇರೆ ಡ್ರೈವರು ಹಾಕಿದೆ. ಪ್ರಿಂಟರು ಗುರ್ ಎಂದು ‘ಖಡಕ್ ಜೋಳದ ರೊಟ್ಟಿ’ ಎನ್ನುವ ಚೀಟಿಯನ್ನು ಹೊರಗೆ ತಳ್ಳಿತು. ದೊಡ್ಡವ್ವ ಅದನ್ನು ಹರಿದು ತಮ್ಮ ರಟ್ಟೆಯ ಮೇಲೆ ಅಂಟಿಸಿಕೊಂಡರು.

ಎಲ್ಲರೂ ನಕ್ಕರೂ ಕಾರ್ಯದರ್ಶಿ ನಗಲಿಲ್ಲ. ಚಹಾ ಕೊಟ್ಟು ಎದುರಿಗೆ ಕೂತು ಷರತ್ತು ಶುರು ಮಾಡಿದಳು. ಡಿಸ್ಕಿಗೆ, ಮೆಮೊರಿಗೆ ದುಡ್ಡು ಕೊಡುತ್ತಾರಂತೆ, ಕೂಲಿಗಿಲ್ಲ. ದೀಪಾವಳಿಯ ಆರ್ಡರು ಮುಗಿಯುವವರೆಗೆ ಯಂತ್ರ ಕೈಕೊಟ್ಟರೆ ನನ್ನ ಅಂಗಡಿಯ ಹೊಸದೊಂದನ್ನು ಬಾಡಿಗೆ ಇಲ್ಲದೆ ತಂದಿಡಬೇಕಂತೆ. ಹೊಸ ವ್ಯವಸ್ಥೆಯನ್ನು ಸಂಘದ ಇನ್ನಿಬ್ಬರಿಗೆ ನಾನು ಇಲ್ಲಿಗೇ ಬಂದು ಕಲಿಸಬೇಕಂತೆ. ಕಲಿಸಿದ ಗುರುವಿನ ಹತ್ತಿರ ಇಷ್ಟು ಬಿಗಿ ಮಾಡುತ್ತೀಯಾ ಎಂದೆ.

“ಗುರುಗೋಳು ಅಂತ ಕಾಲು ಬೀಳ್ತೇನ್ರಿ, ಅದು ಬ್ಯಾರೆ. ಹಾವೇರಿಯವ್ರು ಪುಕ್ಕಟೆ ಕಲಸ್ತೇನಿ ಅಂದಾರ್ರಿ.”

ಹಾವೇರಿಯವನು ಹಾಗೆಂದಿದ್ದನೋ ಇಲ್ಲವೋ ದೇವರೇ ಬಲ್ಲ. ಅವಳ ಕಣ್ಣು ನೋಡಿದೆ, ರೆಪ್ಪೆ ಅಲುಗಲಿಲ್ಲ. ಒಪ್ಪಿಕೊಂಡೆ. ಒಪ್ಪಿಕೊಂಡ ಮೇಲೆ ಇನ್ನೊಂದು ಬಂತು: ಮಷಿನ್ ಕೊಳ್ಳಲು ಹುಬ್ಬಳ್ಳಿಗೆ ನಾನೂ ಜೊತೆಗೆ ಬರಬೇಕು. ಇದಕ್ಕೆ ಮಾತ್ರ ನಾನೇ ತುದಿಗಾಲಲ್ಲಿ ನಿಂತಿದ್ದೆ.

ಆ ಯಂತ್ರ ನಿಲ್ಲದೆ ಕೆಲಸ ಮಾಡಿತು. ವಾರ ಕಳೆದ ಮೇಲೆ ನಾವು ಮೂವರೂ ಹುಬ್ಬಳ್ಳಿಯ ಮಷಿನ್ ಅಂಗಡಿಯಲ್ಲಿ ಕೂತಿದ್ದೆವು. ಅಂಗಡಿಯವನು ನನ್ನ ಕಡೆ ತಿರುಗಿ ಬೆಲೆ ಹೇಳಿದ. ನಾನು ಬಾಯಿ ತೆರೆಯುವಷ್ಟರಲ್ಲಿ ಕಾರ್ಯದರ್ಶಿ ನನ್ನ ಮೊಣಕೈ ಮೆಲ್ಲಗೆ ಒತ್ತಿದಳು.

“ಅಕ್ಕೋರ, ನೀವು ಚಾ ಕುಡೀರಿ,” ಎಂದಳು.

ಕುಡಿದೆ. ಅವಳು ಮಷಿನ್ ಚಾಲೂ ಮಾಡಿಸಿ, ತಾವು ಕಟ್ಟಿಕೊಂಡು ಹೋಗಿದ್ದ ಹಿಟ್ಟನ್ನೇ ಅದರಲ್ಲಿ ಹಾಕಿಸಿದಳು. ಒತ್ತಿ ಬಂದ ರೊಟ್ಟಿಯ ಅಂಚನ್ನು ದೊಡ್ಡವ್ವನ ಕೈಗೆ ಕೊಟ್ಟು ಒಪ್ಪಿಗೆ ಕೇಳಿದಳು. ಅವರು ತಲೆ ಅಲ್ಲಾಡಿಸಿ ಬೇಡ ಎಂದರು. ಅಂಗಡಿಯವನು ಒಳಗಿನಿಂದ ಬೇರೊಂದನ್ನು ತರಿಸಿದ. ಮಾತು ಎಲ್ಲಿಂದೆಲ್ಲಿಗೋ ಹೋಯಿತು. ಕೊನೆಗೆ ಸಾಗಿಸಿ, ಜೋಡಿಸಿ, ಎರಡು ಸಲ ಬಂದು ನೋಡಿಹೋಗುವುದೂ ಸೇರಿ ಅವಳು ಹೇಳಿದ ಬೆಲೆಯ ಹತ್ತಿರವೇ ಬಂದು ನಿಂತಿತು. ನಾನೇ ಚೌಕಾಸಿಗೆ ಕೂತಿದ್ದರೂ ಇದಕ್ಕಿಂತ ಕೆಳಗೆ ಇಳಿಸಲು ಆಗುತ್ತಿರಲಿಲ್ಲ.

ರಸೀದಿ ಬರೆಯುತ್ತ ಅಂಗಡಿಯವನು ನನ್ನನ್ನು ಕೇಳಿದ, “ಇವ್ರು ನಿಮಗ ಏನಾಗಬೇಕ್ರಿ?”

“ನನ್ನ ಕಡೆ ಕಂಪ್ಯೂಟರ್ ಕಲತಾಕಿ,” ಎಂದೆ.

“ಈ ಮಾತೂ ನೀವ ಕಲಸಿದ್ರೇನು?”

ಹೌದು ಎನ್ನಬೇಕೆಂದು ಬಾಯಿಯವರೆಗೂ ಬಂದಿತ್ತು. ಅವಳು ಆಗ ದೊಡ್ಡವ್ವನನ್ನು ಮಷಿನ್ ಮುಂದೆ ನಿಲ್ಲಿಸಿ, ಯಾವ ಗುಂಡಿ ಒತ್ತಿದರೆ ನಿಲ್ಲುತ್ತದೆ ಎಂದು ತೋರಿಸಿಕೊಡುತ್ತಿದ್ದಳು.

“ಇಲ್ರಿ,” ಎಂದೆ. “ಅದು ಆಕೀದ.”