ತುತ್ತೂರಿ ಮಾವ ಹೊಟ್ಟೆಯಿಂದ ಊದಿದ್ದು

ನಮ್ಮ ಸೋದರಮಾವನನ್ನು ಎಲ್ಲರೂ ಕರೆಯುವುದು ತುತ್ತೂರಿ ಎಂದೇ. ಮದುವೆಗಳಲ್ಲಿ ಬ್ಯಾಂಡ್ ನುಡಿಸುವ ತಂಡ ಅವನದು. ತುತ್ತೂರಿ ಊದುವವನೂ ಅವನೇ, ತಂಡದ ವ್ಯಾನ್ ಓಡಿಸುವವನೂ ಅವನೇ. ಕಲಿಯಲು ಬಂದವರಿಗೆ ಅವನು ಹೇಳುವುದು ಒಂದೇ ಮಾತು: "ಕೆನ್ನೆಯಿಂದ ಊದಬೇಡ್ರೋ, ಹೊಟ್ಟೆಯಿಂದ ಊದ್ರೋ."

ಮದುವೆ ಮನೆಯವರು ಗಂಟಲು ಒದ್ದೆ ಮಾಡಿಕೊಳ್ಳಲು ಏನಾದರೂ ಕೊಟ್ಟರೆ ಅವನು ಬೇಡ ಎನ್ನುತ್ತಿರಲಿಲ್ಲ. ಆಮೇಲೆ ಹಾಗೇ ವ್ಯಾನ್ ಹತ್ತುತ್ತಿದ್ದ. ತಂಡದಲ್ಲಿ ಡ್ರಮ್ ಬಾರಿಸುವವನು ಅವನ ಒಬ್ಬನೇ ಮಗ. ಹಾಗಾಗಿ ಕೆಂಪು ಕೋಟುಗಳಿಗೆ ಇಸ್ತ್ರಿ ಹಾಕುವಾಗಲೂ ಅತ್ತೆಯ ಕಿವಿ ಗೇಟಿನ ಕಡೆಗೇ ಇರುತ್ತಿತ್ತು.

"ರೀ, ಗಂಡ ಮಗ ಇಬ್ರೂ ಒಂದೇ ಗಾಡೀಲಿ ಇರ್ತೀರ. ನನ್ನ ಹೊಟ್ಟೆ ಉರಿಸ್ಬೇಡಿ."

"ಸುಮ್ನಿರೇ, ವ್ಯಾನಿಗೇ ದಾರಿ ಗೊತ್ತು."

ಪೊಲೀಸರು ನಿಲ್ಲುತ್ತಿದ್ದದ್ದು ಸೇತುವೆಯ ಬಳಿ ಮಾತ್ರ. ಅದು ಊರಿಗೆಲ್ಲ ತಿಳಿದಿತ್ತು. ಮಾವ ಮರದ ಮಿಲ್ಲಿನ ಹಿಂದಿನ ಓಣಿಗೆ ತಿರುಗಿಸಿಕೊಂಡು ಬರುತ್ತಿದ್ದ. ಆಮೇಲೆ ಹೊಸ ಇನ್ಸ್‌ಪೆಕ್ಟರಮ್ಮ ಬಂದರು. ಒಂದು ದಿನ ಆಸ್ಪತ್ರೆಯ ತಿರುವು, ಇನ್ನೊಂದು ದಿನ ಮಾರುಕಟ್ಟೆ, ಹಾಡಹಗಲಲ್ಲೂ ತಪಾಸಣೆ. ಒಂದು ಮಧ್ಯಾಹ್ನ ಮಾವ ಓಣಿಗೆ ತಿರುಗಿದರೆ ಮಿಲ್ಲಿನ ಗೋಡೆಯ ನೆರಳಲ್ಲಿ ಉಸಿರು ಪರೀಕ್ಷಿಸುವ ಯಂತ್ರ ಹಿಡಿದು ಅವರೇ ನಿಂತಿದ್ದರು.

"ಊದಿ."

ಮಾವನಿಗೆ ಒಳಗೊಳಗೇ ನಗು. ಊದುವುದೇ ಅವನ ಕಸುಬು. ಎದೆಯ ಉಸಿರನ್ನು ತಡೆದು, ಕೆನ್ನೆಯಲ್ಲಿದ್ದ ಗಾಳಿಯನ್ನಷ್ಟೇ ನಳಿಕೆಗೆ ಬಿಟ್ಟ. ಯಂತ್ರ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಮತ್ತೆ ಬಿಟ್ಟ. ಊಹೂಂ.

ಇನ್ಸ್‌ಪೆಕ್ಟರಮ್ಮ ಅವನ ಉಬ್ಬಿದ ಮುಖವನ್ನೇ ನೋಡಿದರು. "ಯಜಮಾನ್ರೇ, ಕೆನ್ನೆಯಿಂದ ಊದಬೇಡಿ, ಹೊಟ್ಟೆಯಿಂದ ಊದಿ."

ವ್ಯಾನಿನೊಳಗೆ ಎಲ್ಲರೂ ಕಿಸಕ್ಕೆಂದರು. "ಅಪ್ಪಾ, ನಿನ್ನ ಪಾಠ ಸ್ಟೇಷನ್‌ವರೆಗೂ ಹೋಗಿದೆ!" ಎಂದ ಮಗ.

ಈ ಸಲ ಮಾವ ಹೊಟ್ಟೆಯಿಂದಲೇ ಊದಿದ. ಯಂತ್ರ ಕಿರುಚಿತು. ವ್ಯಾನ್ ಠಾಣೆ ಸೇರಿತು, ಲೈಸೆನ್ಸ್ ಕೆಲವು ತಿಂಗಳ ಮಟ್ಟಿಗೆ ಹೋಯಿತು. ವಾದ್ಯಗಳನ್ನು ಹೊತ್ತು ಎಲ್ಲರೂ ನಡೆದೇ ಬಂದರು. ಅತ್ತೆ ಬೈಯುತ್ತಾಳೆಂದು ಮಾವ ತಲೆ ತಗ್ಗಿಸಿದ. ಅವಳು ಮಗನ ತೋಳು ಮುಟ್ಟಿ ನೋಡಿ, ಮೆಟ್ಟಿಲ ಮೇಲೆ ಕುಳಿತಳು.

"ಆ ಪೊಲೀಸಮ್ಮನ ಹೊಟ್ಟೆ ತಣ್ಣಗಿರಲಿ."

ಲೈಸೆನ್ಸ್ ಮರಳುವವರೆಗೆ ತಾಳ ಹಾಕುವವನು ವ್ಯಾನ್ ಓಡಿಸಿದ. ಆಮೆಯ ಹಾಗೆ ಓಡಿಸುತ್ತಾನೆಂದು ಮಾವ ಪಕ್ಕದಲ್ಲಿ ಕುಳಿತು ಗೊಣಗುತ್ತಿದ್ದ. ಈಗ ಸ್ಟಿಯರಿಂಗ್ ಮತ್ತೆ ಮಾವನ ಕೈಗೆ ಬಂದಿದೆ. ಆದರೆ ಮದುವೆ ಮನೆಯಲ್ಲಿ ಯಾರಾದರೂ ಲೋಟ ಚಾಚಿದರೆ ಕೈ ಮುಗಿಯುತ್ತಾನೆ.

"ಸೇತುವೆ ಹತ್ರಾನೇ ನಿಲ್ತಾರೆ ಅಂತಾಗಿದ್ರೆ ನಾನೆಲ್ಲಿ ಬಿಡ್ತಿದ್ದೆ? ಎಲ್ಲಿ ನಿಲ್ತಾರೋ ಅವರಿಗೇ ಗೊತ್ತಿರಲ್ಲ ಕಣೋ!"

ಮೊನ್ನೆ ರಾತ್ರಿ ಆಸ್ಪತ್ರೆಯ ತಿರುವಿನಲ್ಲಿ ಮತ್ತೆ ತಡೆದರು. ಮಾವ ಉದ್ದಕ್ಕೆ ಊದಿದ. ಯಂತ್ರದಲ್ಲಿ ಸೊನ್ನೆ ಬಂತು.

"ಇನ್ನೊಂದ್ಸಲ ಊದ್ಲಾ ಮೇಡಂ?"

"ಸಾಕು, ಹೊರಡಿ. ಹಿಂದೆ ಗಾಡಿಗಳು ನಿಂತಿವೆ."

ಮನೆಗೆ ಬಂದರೆ ಗೇಟಿನ ಸದ್ದಿಗೆ ಯಾರೂ ಹೊರಗೆ ಬರಲಿಲ್ಲ. ಬಾಗಿಲನ್ನು ಎಷ್ಟೋ ಹೊತ್ತು ಬಡಿದ ಮೇಲೆ ಅತ್ತೆ ಕಣ್ಣುಜ್ಜಿಕೊಳ್ಳುತ್ತಾ ಬಂದು ತೆಗೆದಳು. ನಿದ್ದೆ ಹತ್ತಿಬಿಟ್ಟಿತ್ತಂತೆ.