ಡ್ರೈವರಮ್ಮನ ಎಡಗಾಲು

ಮೂವತ್ತು ವರ್ಷ ಬಸ್ಸು ಓಡಿಸಿದವರ ಎರಡು ಕಾಲು ಎಂದರೆ ಇಬ್ಬರು ನೌಕರರಿದ್ದಂತೆ. ಬಲಗಾಲು ಆಕ್ಸಿಲರೇಟರು, ಬ್ರೇಕು ಎರಡನ್ನೂ ನೋಡಿಕೊಳ್ಳುತ್ತದೆ. ಹಾಗಾಗಿ ಅದಕ್ಕೆ ಸ್ವಲ್ಪ ವಿವೇಚನೆ ಇರುತ್ತದೆ. ಎಡಗಾಲಿಗೆ ಕ್ಲಚ್ಚು ಒಂದೇ ಕೆಲಸ. ಒಂದೇ ಕುರ್ಚಿಯಲ್ಲಿ ಕೂತು ಹಳಬರಾದ ಗುಮಾಸ್ತರಂತೆ ಅದು ಯಾರ ಮಾತನ್ನೂ ಕೇಳುವುದಿಲ್ಲ.

ಡ್ರೈವರಮ್ಮನಿಗೆ ಇದು ಗೊತ್ತಾಗಿದ್ದು ಐವತ್ನಾಲ್ಕನೇ ವಯಸ್ಸಿನಲ್ಲಿ, ವಿಮಾನ ಇಳಿಸಲು ಹೋದಾಗ.

ಡಿಪೋದಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ಡ್ರೈವರಮ್ಮ ಎಂದೇ. ಅವಳ ಬಸ್ಸಿನ ಕೊನೆಯ ಸ್ಟಾಪು ವಿಮಾನ ನಿಲ್ದಾಣದ ಹಿಂದಿನ ಗೇಟು. ಅಲ್ಲಿ ತಂತಿಬೇಲಿಯ ಆಚೆಗೇ ರನ್‌ವೇ ಶುರುವಾಗುತ್ತದೆ. ಪ್ರತಿ ಟ್ರಿಪ್ಪಿಗೂ ಅಲ್ಲಿ ಹನ್ನೆರಡು ನಿಮಿಷ ನಿಲ್ಲಬೇಕು. ಕಂಡಕ್ಟರು ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಹನ್ನೆರಡಕ್ಕೆ ಹನ್ನೊಂದು ನಿಮಿಷ ನಿದ್ದೆ ಹೊಡೆಯುತ್ತಿದ್ದ. ಡ್ರೈವರಮ್ಮ ಮೆಟ್ಟಿಲ ಮೇಲೆ ಕೂತು ಟೀ ಕುಡಿಯುತ್ತಿದ್ದಳು. ಹತ್ತು ವರ್ಷ ಅವಳು ವಿಮಾನಗಳನ್ನು ನೋಡಿರಲೇ ಇಲ್ಲ. ಕಣ್ಣಿಗೆ ಬೀಳುತ್ತಿದ್ದವು, ಅಷ್ಟೆ.

ಒಂದು ಗಾಳಿಯ ಮಧ್ಯಾಹ್ನ ಇಳಿಯುತ್ತಿದ್ದ ವಿಮಾನದ ಮೂತಿ ರನ್‌ವೇ ಕಡೆಗೇ ಇರಲಿಲ್ಲ. ಮೂತಿ ಬೇಲಿಯ ಕಡೆಗೆ, ಹೋಗುವುದು ರನ್‌ವೇ ಉದ್ದಕ್ಕೆ, ಥೇಟ್ ಏಡಿಯ ನಡಿಗೆ. ಚಕ್ರ ನೆಲ ಮುಟ್ಟಲು ಇನ್ನೊಂದು ಕ್ಷಣ ಇದೆ ಎನ್ನುವಾಗ ಅದು ಮೇಷ್ಟರನ್ನು ಕಂಡ ಹುಡುಗನಂತೆ ತಟಕ್ಕನೆ ನೆಟ್ಟಗಾಯಿತು. ಡ್ರೈವರಮ್ಮನ ಟೀ ಆರಿತು. ಕಂಡಕ್ಟರನ್ನು ಎಬ್ಬಿಸಿ, ಅದು ಅಡ್ಡಡ್ಡ ಬಂತು ನೋಡಿದೆಯಾ ಎಂದು ಕೇಳಿದಳು.

"ನಮ್ಮ ಬಸ್ಸೂ ಹಂಗೇ ಬರುತ್ತಲ್ಲಕ್ಕ," ಎಂದು ಅವನು ಮಗ್ಗುಲಾದ. ಅದು ಸುಳ್ಳೇನಲ್ಲ. ಬಸ್ಸಿನ ಚಾಸಿ ಸೊಟ್ಟಗಾಗಿ ಎರಡು ವರ್ಷವಾಗಿತ್ತು.

ಮರುದಿನ ಅವಳು ಬೇಲಿಗೆ ಒಂದು ಹಳೆಯ ಕರವಸ್ತ್ರ ಕಟ್ಟಿದಳು. ಕರವಸ್ತ್ರ ಯಾವ ಕಡೆ ಹಾರುತ್ತಿದೆ, ವಿಮಾನದ ಮೂತಿ ಯಾವ ಕಡೆ ತಿರುಗಿದೆ ಎಂದು ಟ್ರಿಪ್ ಶೀಟಿನ ಹಿಂದೆ ಬಾಣದ ಗುರುತು ಹಾಕತೊಡಗಿದಳು. ಎರಡು ತಿಂಗಳಿಗೆ ನೂರಾ ನಲವತ್ತು ಜೋಡಿ ಬಾಣಗಳಾದವು. ಗಾಳಿ ಎಲ್ಲಿಂದ ಬೀಸುತ್ತದೋ ವಿಮಾನ ಆ ಕಡೆಗೇ ಮೂತಿ ತಿರುಗಿಸಿಕೊಂಡು ಬರುತ್ತದೆ. ಹೊಳೆ ದಾಟುವ ದೋಣಿಯವನು ಸೆಳವಿಗೆ ಎದುರಾಗಿ ದೋಣಿ ತಿರುಗಿಸಿದಂತೆ. ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಅವಳೇ ಕಂಡುಕೊಂಡಿದ್ದಳು. ಆದರೆ ಕೊನೆಯ ಗಳಿಗೆಯಲ್ಲಿ ನೆಟ್ಟಗೆ ಮಾಡುವುದು ಹೇಗೆ? ದಿನವೂ ಅವಳ ಬಸ್ಸಿನಲ್ಲೇ ಬರುವ ಒಬ್ಬ ವಿಮಾನ ಮೆಕ್ಯಾನಿಕ್‌ನನ್ನು ಕೇಳಿದಳು.

"ಕಾಲಲ್ಲಿ," ಎಂದ ಅವನು.

ಆ ಒಂದು ಮಾತು ಅವಳನ್ನು ಹಿಡಿದುಕೊಂಡಿತು. ರೆಕ್ಕೆ, ಆಕಾಶ ಎಲ್ಲ ಅವಳದಲ್ಲದ ಸಂಗತಿ. ಕಾಲು ಅವಳ ಹತ್ತಿರವೂ ಇತ್ತು.

ಮೆಕ್ಯಾನಿಕ್ ತೋರಿಸಿದ ವಿಳಾಸ ಸೈಕಲ್ ಅಂಗಡಿಯ ಮೇಲಿನ ಎರಡು ಕೋಣೆ. ನಿವೃತ್ತರಾದ ಭೌತಶಾಸ್ತ್ರದ ಮೇಷ್ಟ್ರೊಬ್ಬರು ಅಲ್ಲಿ ವಿಮಾನ ಆಸಕ್ತರ ಸಂಘ ನಡೆಸುತ್ತಿದ್ದರು. ಒಳಕೋಣೆಯಲ್ಲಿ ಗುಜರಿಯಿಂದ ತಂದ ಪೈಲಟ್ ಕುರ್ಚಿ, ಅದರ ಮುಂದೆ ಮೂರು ಟೀವಿ, ಒಂದು ಕಂಪ್ಯೂಟರು, ಬಡಗಿ ಮಾಡಿಕೊಟ್ಟ ಎರಡು ಪೆಡಲು. ಇದೇ ಸಿಮ್ಯುಲೇಟರು. ಕೂತವರು ನೆಲ ಬಿಟ್ಟು ಏಳುವುದಿಲ್ಲ, ಆದರೆ ಹತ್ತು ನಿಮಿಷಕ್ಕೆ ಬೆನ್ನು ಬೆವರುತ್ತದೆ.

ಸೇರುವವರೆಲ್ಲ ಈ ಗೀಳು ಹೇಗೆ ಹತ್ತಿತು ಎಂದು ಮೇಷ್ಟ್ರ ಪುಸ್ತಕದಲ್ಲಿ ಬರೆಯಬೇಕಿತ್ತು. ಔಷಧ ಅಂಗಡಿಯವರು ತಡವಾದ ವಿಮಾನಕ್ಕೆ ಹನ್ನೊಂದು ಗಂಟೆ ಕಾದು, ಬೇರೇನೂ ಮಾಡಲು ತೋಚದೆ ಆಸಕ್ತಿ ಬೆಳೆಸಿಕೊಂಡವರು. ಹಲ್ಲಿನ ಡಾಕ್ಟರಮ್ಮನಿಗೆ ವಿಮಾನವೆಂದರೆ ಎದೆ ಹೊಡೆದುಕೊಳ್ಳುತ್ತಿತ್ತು. ಭಯ ಬಿಡಿಸಿಕೊಳ್ಳಲು ಬಂದವರು, ಭಯ ಹೋದರೂ ಸಂಘ ಬಿಟ್ಟು ಹೋಗಲಿಲ್ಲ. ಆಕಾಶ ನೋಡಿ ಬಂದವರು ಇದುವರೆಗೆ ಒಬ್ಬರೂ ಇಲ್ಲ, ಎಲ್ಲರೂ ಯಾವುದೋ ಸಣ್ಣದಕ್ಕೆ ಎಡವಿಯೇ ಬಿದ್ದವರು ಎಂದು ಮೇಷ್ಟ್ರು ಹೇಳುತ್ತಿದ್ದರು. ಡ್ರೈವರಮ್ಮ ನೂರಾ ನಲವತ್ತು ಜೋಡಿ ಬಾಣಗಳಿದ್ದ ಕಾಗದಗಳನ್ನು ಮುಂದಿಟ್ಟಾಗ ಅವರು ಕನ್ನಡಕ ಒರೆಸಿಕೊಂಡು ಎರಡು ಸಲ ನೋಡಿದರು. ನಲವತ್ತು ವರ್ಷ ಪಾಠ ಮಾಡಿದೆ, ಇಷ್ಟು ಅಚ್ಚುಕಟ್ಟಾದ ಪ್ರಯೋಗದ ಪುಸ್ತಕ ಒಬ್ಬ ವಿದ್ಯಾರ್ಥಿಯೂ ಕೊಡಲಿಲ್ಲ ಎಂದರು.

ವಿಮಾನ ತರಬೇತಿ ಶಾಲೆಯವರು ವರ್ಷಕ್ಕೊಮ್ಮೆ ಸಂಘದ ಒಬ್ಬರನ್ನು ತಮ್ಮ ಪುಟ್ಟ ವಿಮಾನದಲ್ಲಿ ಪೈಲಟ್ ಪಕ್ಕ ಕೂರಿಸಿ ಇಪ್ಪತ್ತು ನಿಮಿಷ ಸುತ್ತಿಸುತ್ತಿದ್ದರು. ವಯಸ್ಸು ಐವತ್ತೈದು ತುಂಬಿರಬಾರದು. ಸಿಮ್ಯುಲೇಟರಿನಲ್ಲಿ ಅಡ್ಡಗಾಳಿಯಲ್ಲಿ ಸಾಲಾಗಿ ಮೂರು ಸಲ ಇಳಿಸಬೇಕು, ನಿಲ್ಲುವ ತನಕ ಚಕ್ರ ಡಾಂಬರು ಬಿಡಬಾರದು. ಡ್ರೈವರಮ್ಮನಿಗೆ ಐವತ್ತೈದು ತುಂಬಲು ನಾಲ್ಕು ತಿಂಗಳಿತ್ತು. ಈ ವರ್ಷ ತಪ್ಪಿದರೆ, ಆ ಮೂತಿ ನೆಟ್ಟಗಾಗುವುದು ಒಳಗಿನಿಂದ ಹೇಗೆ ಕಾಣುತ್ತದೆ ಎಂಬುದು ಅವಳ ಪಾಲಿಗೆ ಶಾಶ್ವತವಾಗಿ ಬೇಲಿಯ ಆಚೆಗೇ ಉಳಿಯುತ್ತಿತ್ತು.

ಸಿಮ್ಯುಲೇಟರಿನಲ್ಲಿ ಅವಳು ಇಳಿಸುವುದನ್ನು ನೋಡಲು ಜನ ಸೇರುತ್ತಿದ್ದರು. ತುಂಬಿದ ಬಸ್ಸನ್ನು ಸ್ಟಾಪಿಗೆ ತರುವ ಹಾಗೆ ಕುಲುಕಿಲ್ಲದೆ ತರುತ್ತಿದ್ದಳು. ಚಕ್ರ ಮುಟ್ಟುತ್ತಿತ್ತು. ವೇಗ ಇಳಿಯುತ್ತಿತ್ತು. ಆಗ ಎಡಗಾಲು ಯಾರನ್ನೂ ಕೇಳದೆ ಎಡಪೆಡಲನ್ನು ತಳದವರೆಗೆ ಒತ್ತುತ್ತಿತ್ತು. ಬಸ್ಸಿನಲ್ಲಿ ಅದು ಕ್ಲಚ್ಚು. ವಿಮಾನದಲ್ಲಿ ಎಡಕ್ಕೆ ತಿರುಗು ಎಂಬ ಆಜ್ಞೆ. ವಿಮಾನ ವಿಧೇಯವಾಗಿ ಎಡಕ್ಕೆ ತಿರುಗಿ ಹುಲ್ಲಿಗೆ ಹೋಗಿ ನಿಲ್ಲುತ್ತಿತ್ತು.

"ಡ್ರೈವರಮ್ಮನೋರು ಪ್ಯಾಸೆಂಜರ್ ಹತ್ತಿಸಿಕೊಳ್ಳೋಕೆ ನಿಲ್ಸಿದಾರೆ, ಬಿಡಿ," ಎಂದರು ಔಷಧ ಅಂಗಡಿಯವರು.

ಮನೆಯಲ್ಲಿ ಗಂಡ ಟೈಲರು. ಲೋಕದ ಸಮಸ್ಯೆಗಳೆಲ್ಲ ಬಿಗಿ ಮಾಡುವುದರಿಂದ ಇಲ್ಲವೇ ಸಡಿಲ ಮಾಡುವುದರಿಂದ ಬಗೆಹರಿಯುತ್ತವೆ ಎಂದು ನಂಬಿದವನು. ಅವಳು ಅಭ್ಯಾಸಕ್ಕೆಂದು ಕುರ್ಚಿಯಲ್ಲಿ ಕೂತಾಗ ಅಳತೆ ಟೇಪಿನಿಂದ ಅವಳ ಎಡಗಾಲನ್ನು ಕುರ್ಚಿಯ ಕಾಲಿಗೆ ಕಟ್ಟಿದ. ಒಂದು ವಾರ ಸರಿಯಾಗಿಯೇ ನಡೆಯಿತು. ಎಂಟನೇ ದಿನ ಹಾಲು ಉಕ್ಕುವ ಸದ್ದಿಗೆ ಅವಳು ಎದ್ದು ಓಡಿದಳು. ಕುರ್ಚಿಯೂ ಜೊತೆಗೇ ಅಡುಗೆಮನೆಗೆ ಬಂತು.

ಟೇಪು ಕಟ್ಟಿದ್ದರ ಫಲ ಇನ್ನೊಂದು ಕಡೆ ಕಂಡಿತು. ಒಂದು ಬೆಳಗ್ಗೆ ಆಸ್ಪತ್ರೆ ಸ್ಟಾಪಿನಲ್ಲಿ ಎಡಗಾಲು ಹೊಸ ಪಾಠ ನೆನೆದು ಸುಮ್ಮನೆ ಕೂತುಬಿಟ್ಟಿತು. ಬಸ್ಸು ಕುಕ್ಕರಿಸಿ ಆಫ್ ಆಯಿತು. ನಿಂತಿದ್ದ ಮೂವತ್ತು ಜನ ಒಬ್ಬರ ಮೇಲೊಬ್ಬರು ವಾಲಿದರು. ಯಾರಿಗೂ ಪೆಟ್ಟಾಗಲಿಲ್ಲ, ಆದರೆ ಮೂವತ್ತು ವರ್ಷದಲ್ಲಿ ಮೊದಲ ಸಲ ಅವಳ ಬಸ್ಸು ಸ್ಟಾಪಿನಲ್ಲಿ ಸತ್ತಿತ್ತು. ಕಂಡಕ್ಟರು ಮುಂದೆ ಬಂದು ಮೆಲ್ಲಗೆ ಹೇಳಿದ:

"ಅಕ್ಕ, ಒಂದೋ ಬಸ್ಸು, ಒಂದೋ ವಿಮಾನ. ಎರಡು ದೋಣಿಗೆ ಕಾಲಿಟ್ಟರೆ ನಾವೂ ಮುಳುಗ್ತೀವಿ."

ಅವತ್ತೇ ಟೇಪು ಗಂಡನ ಕತ್ತಿಗೆ ವಾಪಸು ಹೋಯಿತು. ಎಡಗಾಲಿಗೆ ಬುದ್ಧಿ ಹೇಳುವ ಹಾಗಿಲ್ಲ. ಅದರ ಮೂರ್ಖತನದ ಮೇಲೆ ದಿನಕ್ಕೆ ಸಾವಿರ ಜನ ಪ್ರಯಾಣ ಮಾಡುತ್ತಾರೆ. ಆದದ್ದಾಗಲಿ ಎಂದು ಅವಳು ಪರೀಕ್ಷೆಗೆ ಹೊರಟಳು. ಪಾಪಪ್ರಜ್ಞೆಯೋ ಕುತೂಹಲವೋ, ಕಂಡಕ್ಟರೂ ಹಿಂದೆಯೇ ಬಂದ.

ಗಾಳಿ ಯಾವ ಕಡೆಯಿಂದ ಎಂಬುದನ್ನು ಮೇಷ್ಟ್ರು ಚೀಟಿ ಎತ್ತಿ ತೀರ್ಮಾನಿಸುತ್ತಿದ್ದರು. ಮೊದಲ ಚೀಟಿ: ಬಲಗಾಳಿ. ವಿಮಾನ ಬಲಕ್ಕೆ ಮೂತಿ ತಿರುಗಿಸಿಕೊಂಡು ಇಳಿದು ಬಂತು. ನೆಲ ಹತ್ತಿರವಾಯಿತು, ವೇಗ ಇಳಿಯಿತು. ಎಡಗಾಲು ಎಂದಿನಂತೆ ತಳದವರೆಗೆ ಒತ್ತಿತು. ಹುಲ್ಲಿಗೆ ಹೋಗುತ್ತದೆಂದು ಡ್ರೈವರಮ್ಮ ಹಲ್ಲು ಕಚ್ಚಿದಳು. ವಿಮಾನ ನೆಟ್ಟಗಾಗಿ, ಡಾಂಬರಿನ ಮೇಲೇ ಓಡಿ ನಿಂತಿತು.

ಮೇಷ್ಟ್ರು ನಗಲು ಶುರು ಮಾಡಿದರು. ಬಲಗಾಳಿ ಮೂತಿಯನ್ನು ಬಲಕ್ಕೆ ಎಳೆಯುತ್ತದೆ, ಅದನ್ನು ಸರಿಮಾಡಲು ಒತ್ತಬೇಕಾದ್ದು ಎಡಪೆಡಲನ್ನೇ. ಕಾಲು ಹೆಚ್ಚಾಗಿ ಒತ್ತಿದ್ದನ್ನು ಗಾಳಿ ತಿಂದುಹಾಕಿತು ಎಂದು ವಿವರಿಸಿದರು. ಇಷ್ಟು ದಿನ ಗಾಳಿಯಿಲ್ಲದೆ ಅಭ್ಯಾಸ ಮಾಡಿಸಿದ್ದು ತಮ್ಮದೇ ತಪ್ಪು ಎಂದೂ ಒಪ್ಪಿಕೊಂಡರು.

ಎರಡನೇ ಚೀಟಿಯೂ ಬಲಗಾಳಿ. ಅದೂ ಡಾಂಬರಿನ ಮೇಲೇ ನಿಂತಿತು.

ಮೂರನೆಯದು ಎಡಗಾಳಿ. ಈಗ ಬೇಕಾದ್ದು ಬಲಗಾಲು, ಮತ್ತು ಎಡಗಾಲು ಹೇಳಿದ ಮಾತು ಕೇಳುವ ಜಾತಿಯಲ್ಲ. ವಿಮಾನ ಎಡಕ್ಕೆ ಮೂತಿ ತಿರುಗಿಸಿ ಇಳಿಯತೊಡಗಿತು. ಡ್ರೈವರಮ್ಮನ ಎಡ ಮೊಣಕಾಲು ಆಗಲೇ ತುಡಿಯುತ್ತಿತ್ತು. ನೆಲ ಇನ್ನೇನು ಸಿಕ್ಕಿತು ಅನ್ನುವಾಗ, ಬೆನ್ನ ಹಿಂದೆ ಕಂಡಕ್ಟರಿಗೆ ತಡೆಯಲಾಗಲಿಲ್ಲ.

"ಹೋಲ್ಡಾನ್," ಎಂದು ಕೂಗಿದ.

ಹತ್ತೊಂಬತ್ತು ವರ್ಷದಿಂದ ಆ ದನಿ ಆ ಮಾತು ಹೇಳಿದರೆ ಅರ್ಥ ಒಂದೇ: ಬಾಗಿಲಲ್ಲಿ ಯಾರೋ ಇದ್ದಾರೆ, ಈಗಲೇ ನಿಲ್ಲಿಸು. ಅಂಥ ಹೊತ್ತಿನಲ್ಲಿ ಡ್ರೈವರು ಮೊದಲು ಒತ್ತುವುದು ಬ್ರೇಕು, ಕ್ಲಚ್ಚು ಏನಿದ್ದರೂ ಆಮೇಲೆ. ಬಲಗಾಲು ಬಲಪೆಡಲಿನ ಮೇಲೆ ಧಡಕ್ಕನೆ ಇಳಿಯಿತು. ವಿಮಾನ ನೆಟ್ಟಗಾಗಿ ನಿಂತಿತು.

ಗಲಾಟೆ ಎದ್ದಿತು. ಹೊರಗಿನವರ ಸಹಾಯ ಪಡೆದ ಹಾಗಾಯಿತು ಎಂದರು ಹಲ್ಲಿನ ಡಾಕ್ಟರಮ್ಮ. ಬಾಯಿ ನನ್ನದು, ಕಾಲು ಅಕ್ಕನದು, ನಿಯಮ ಇರುವುದು ಕಾಲಿಗೆ ತಾನೇ ಎಂದು ಕಂಡಕ್ಟರು ವಾದಿಸಿದ. ಮೇಷ್ಟ್ರು ನಿಯಮದ ಹಾಳೆ ತಿರುವಿ ಹಾಕಿದರು. ಕೂಗಬಾರದು ಎಂದು ಎಲ್ಲೂ ಬರೆದಿರಲಿಲ್ಲ. ಸೀಟು ಕೊಟ್ಟುಬಿಡೋಣ ಎನ್ನುವಂತೆ ಅವರು ಪೆನ್ನಿನ ಮುಚ್ಚಳ ತೆಗೆದರು.

ಡ್ರೈವರಮ್ಮ ಕುರ್ಚಿಯಿಂದ ಏಳಲಿಲ್ಲ.

"ಬೇಡ ಮೇಷ್ಟ್ರೇ. ಇವನು ಕೂಗಿದ್ದಕ್ಕೆ ನಿಂತಿದ್ದು ಬಸ್ಸು. ವಿಮಾನ ಇನ್ನೂ ನಾನು ಇಳಿಸಿಲ್ಲ. ಅದೇ ಎಡಗಾಳಿ ಇನ್ನೊಂದ್ಸಲ ಹಾಕಿ."

"ತಪ್ಪಿದರೆ ಈ ವರ್ಷ ಇಲ್ಲ ತಾಯಿ. ಮುಂದಿನ ವರ್ಷ ನಿಮಗೆ ವಯಸ್ಸು..."

"ಗೊತ್ತು. ಮೊದಲು ಇವನನ್ನ ಕೆಳಗೆ ಕಳಿಸಿ."

ಕಂಡಕ್ಟರನ್ನು ಸೈಕಲ್ ಅಂಗಡಿಗೆ ಇಳಿಸಲಾಯಿತು. ಮೇಷ್ಟ್ರು ಗಾಳಿ ಹಾಕಿದರು. ಟೀವಿಯಲ್ಲಿ ರನ್‌ವೇ ಬಲಗಡೆಯ ಮೂಲೆಯಿಂದ ಓರೆಯಾಗಿ ಏರತೊಡಗಿತು. ಎಡಗಾಲನ್ನು ತಡೆಯುವ ಕೆಲಸಕ್ಕೆ ಡ್ರೈವರಮ್ಮ ಕೈ ಹಾಕಲೇ ಇಲ್ಲ. ಹತ್ತಡಿ ಎತ್ತರದಲ್ಲಿ, ಆ ಡಾಂಬರಿನ ಮೇಲೆ, ಮನಸ್ಸಿನಲ್ಲೇ ಒಂದು ಬೀದಿನಾಯಿಯನ್ನು ಅಡ್ಡ ಬಿಟ್ಟಳು. ಕಂದು ಬಣ್ಣದ್ದು, ಒಂದು ಕಿವಿ ಮಡಿಚಿದ್ದು. ಬಲಗಾಲು ತಾನಾಗಿ ಇಳಿಯಿತು. ಎಡಗಾಲು ತನ್ನ ಸರದಿಗೆ ಬರುವಷ್ಟರಲ್ಲಿ ವಿಮಾನ ನಿಂತಿತ್ತು, ರನ್‌ವೇಯ ನಡುಗೆರೆಯಿಂದ ಒಂದು ಮಾರು ಆಚೆ, ಆದರೆ ಡಾಂಬರಿನ ಮೇಲೆ.

ಮೇಷ್ಟ್ರು ಸೀಟಿನ ಚೀಟಿಯಲ್ಲಿ ಅವಳ ಹೆಸರು ಬರೆದರು.

ಎರಡು ವಾರದ ಮೇಲೆ, ಒಂದು ಗಾಳಿಯ ಬೆಳಗ್ಗೆ, ಮಗನ ವಯಸ್ಸಿನ ಪೈಲಟ್ ಅವಳನ್ನು ಪಕ್ಕ ಕೂರಿಸಿಕೊಂಡ. ಕಾಲು ಪೆಡಲಿಗೆ ತಾಗಿಸಬೇಡಿ ಅಮ್ಮ ಎಂದ. ಅವಳು ಎರಡೂ ಪಾದಗಳನ್ನು ಕುರ್ಚಿಯ ಬುಡಕ್ಕೆ ಸೇರಿಸಿ, ಪರಸ್ಪರ ಹೆಣೆದು ಇಟ್ಟುಕೊಂಡಳು.

ರಾತ್ರಿ ಊಟಕ್ಕೆ ಕೂತಾಗ ಗಂಡ ಕೇಳಿದ್ದು ಊರು ಹೇಗೆ ಕಾಣುತ್ತಿತ್ತು, ನಮ್ಮ ಅಂಗಡಿ ಕಂಡಿತಾ ಎಂದು. ಊರು ನೋಡಲಿಲ್ಲ ಎಂದಳು. ಹೋಗುವಾಗ ಬರುವಾಗ ಆ ಹುಡುಗನ ಕಾಲನ್ನೇ ನೋಡುತ್ತಿದ್ದಳಂತೆ. ಇಳಿಯುವಾಗ ಮಾತ್ರ ತಲೆಯೆತ್ತಿದ್ದು.

"ಮತ್ತೆ, ಅಷ್ಟು ದಿನದಿಂದ ಕಾದಿದ್ದೆಯಲ್ಲ, ಆ ಮೂತಿ ನೆಟ್ಟಗಾಗೋದು ಕಂಡಿತಾ?"

ಡ್ರೈವರಮ್ಮ ಕೈಯಲ್ಲಿದ್ದ ನೀರಿನ ಲೋಟ ಕೆಳಗಿಟ್ಟಳು.

"ನಾವು ಹೊರಗಿಂದ ನೋಡೋದು ತಪ್ಪು ಕಣ್ರೀ. ವಿಮಾನ ಎಲ್ಲೂ ತಿರುಗಲ್ಲ. ನಾವು ಸುಮ್ಮನೆ ಕೂತಿರ್ತೀವಿ. ರನ್‌ವೇ ರಸ್ತೆ ಎಲ್ಲೋ ಪಕ್ಕದಲ್ಲಿರುತ್ತೆ, ಅದೇ ಸರಿದು ಬಂದು ಎದುರಿಗೆ ನಿಲ್ಲುತ್ತೆ."

ಟೈಲರು ತಟ್ಟೆಯನ್ನು ಓರೆಯಾಗಿಟ್ಟು, ಅದೇ ಬಂದು ಎದುರಿಗೆ ನಿಲ್ಲುತ್ತದೇನೋ ಎಂದು ಕಾಯುತ್ತಾ ಕೂತ.